ಕಡಿಮೆ ದುಡ್ಡಿನಲ್ಲಿ 5.1: ಸೌಂಡ್ ಕಾರ್ಡಿಗೆಷ್ಟು, ಸ್ಪೀಕರಿಗೆಷ್ಟು?

ಸೌಂಡ್ ಕಾರ್ಡ್ ಹುಡುಕುವ ಮೊದಲು ಮೊಬೈಲಿನ ಟಾರ್ಚ್ ಹಾಕಿಕೊಂಡು ಕಂಪ್ಯೂಟರ್ ಕ್ಯಾಬಿನೆಟ್ಟಿನ ಹಿಂದೆ ಒಮ್ಮೆ ಬಗ್ಗಿ ನೋಡಿ. ಧೂಳು ಒರೆಸಿದರೆ ಬಣ್ಣಬಣ್ಣದ ಪುಟ್ಟ ತೂತುಗಳು ಕಾಣುತ್ತವೆ. ಮೂರೇ ಇದ್ದರೆ ಹಸಿರು, ನೀಲಿ, ಗುಲಾಬಿ. ಆರಿದ್ದರೆ ಜೊತೆಗೆ ಕಪ್ಪು, ಕಿತ್ತಳೆ, ಬೂದು. ಹೋದ ತಿಂಗಳು ದಾವಣಗೆರೆಯಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮ, ಹತ್ತು ಸಾವಿರ ಕೂಡಿಟ್ಟಿದೀನಿ. ನಾಲ್ಕು ಸಾವಿರಕ್ಕೆ ಒಂದು ಸೌಂಡ್ ಕಾರ್ಡು, ಉಳಿದಿದ್ರಲ್ಲಿ ಫೈವ್ ಪಾಯಿಂಟ್ ಒನ್ ಸ್ಪೀಕರ್ ತಗೊಳ್ಳೋಣ ಅಂತ. ಯಾವ ಕಂಪನೀದು ಒಳ್ಳೇದು?" ನಾನು ಕಂಪನಿ ಹೆಸರು ಹೇಳಲಿಲ್ಲ. "ಮೊದ್ಲು ಹಿಂದ್ಗಡೆ ಎಷ್ಟು ತೂತು ಇದಾವೆ ಎಣಿಸಿ ಹೇಳಪ್ಪ" ಅಂದೆ. ಐದು ನಿಮಿಷ ಬಿಟ್ಟು ಫೋಟೊ ಬಂತು. ಮೂರು ತೂತು.

ಅಷ್ಟು ಸಾಕಾಗಿತ್ತು. ಅವನು ಕಾರ್ಡಿಗೆ ಎತ್ತಿಟ್ಟಿದ್ದ ನಾಲ್ಕು ಸಾವಿರವೂ ಸ್ಪೀಕರಿನ ಬಾಬತ್ತಿಗೆ ಸೇರಿತು.

ಲೆಕ್ಕ ಹೀಗಿದೆ. 5.1 ಎಂದರೆ ಆರು ಚಾನೆಲ್: ಮುಂದೆ ಎಡ ಮತ್ತು ಬಲ, ನಡುವೆ ಸೆಂಟರ್, ಹಿಂದೆ ಎಡ ಮತ್ತು ಬಲ, ಆಮೇಲೆ ಸಬ್‌ವೂಫರ್. ಒಂದು ಸ್ಟೀರಿಯೊ ಪಿನ್ನು ಎರಡು ಚಾನೆಲ್ ಸಾಗಿಸುತ್ತದೆ. ಹಾಗಾಗಿ ಆರು ಚಾನೆಲಿಗೆ ಮೂರು ಪಿನ್ ಬೇಕು, ಮೂರು ತೂತು ಬೇಕು. ಆರು ತೂತಿನ ಮದರ್‌ಬೋರ್ಡಿನಲ್ಲಿ ಹಸಿರು ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ಸೆಂಟರ್ ಮತ್ತು ಸಬ್‌ವೂಫರಿಗೆ. ಮೂರೇ ತೂತಿನ ಬೋರ್ಡಿನಲ್ಲೂ ಸಾಮಾನ್ಯವಾಗಿ ಇದು ನಡೆಯುತ್ತದೆ. ಬೋರ್ಡಿನ ಆಡಿಯೊ ಚಿಪ್ಪಿನ ಜೊತೆ ಬರುವ ರಿಯಲ್‌ಟೆಕ್ ಸಾಫ್ಟ್‌ವೇರಿನಲ್ಲಿ 5.1 ಎಂದು ಆರಿಸಿದರೆ ಲೈನ್-ಇನ್ (ಹೊರಗಿನ ಧ್ವನಿ ಒಳಗೆ ತರುವ) ಆಗಿದ್ದ ನೀಲಿ ತೂತು ಹಿಂದಿನ ಸ್ಪೀಕರಿಗೂ, ಮೈಕಿನ ಗುಲಾಬಿ ತೂತು ಸೆಂಟರ್-ಸಬ್‌ವೂಫರಿಗೂ ಬದಲಾಗುತ್ತವೆ. ಮೈಕನ್ನು ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಹಾಕಿಕೊಂಡರಾಯಿತು. ನಿಮ್ಮ ಬೋರ್ಡಿಗೆ ಇದು ಬರುತ್ತದೋ ಇಲ್ಲವೋ ಎಂಬುದು ಅದರ ಕೈಪಿಡಿಯ ಆಡಿಯೊ ಸಾಲಿನಲ್ಲೇ ಇರುತ್ತದೆ. 5.1 ಅಥವಾ 7.1 (ಎಂಟು ಚಾನೆಲ್) ಎಂದು ಬರೆದಿದ್ದರೆ ಬಹುಪಾಲು ಜನಕ್ಕೆ ಸೌಂಡ್ ಕಾರ್ಡಿನ ಹುಡುಕಾಟ ಅಲ್ಲಿಗೇ ಮುಗಿಯಿತು.

ಕಾರ್ಡಿಗೊಂದು ಕಾಲವಿತ್ತು

ಸೌಂಡ್ ಕಾರ್ಡ್ ಇಲ್ಲದ ಕಂಪ್ಯೂಟರ್ ಬರೀ ಬೀಪ್ ಎನ್ನುತ್ತಿದ್ದ ದಿನಗಳಿದ್ದವು. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಸೌಂಡ್ ಬ್ಲಾಸ್ಟರ್ ತಂದಾಗ ಅದು ಕಂಪ್ಯೂಟರಿಗೆ ಬಾಯಿ ಕೊಟ್ಟ ಹಾಗಿತ್ತು. ಆಮೇಲಿನ ವರ್ಷಗಳಲ್ಲಿ ಗೇಮಿನೊಳಗಿನ ಗುಹೆಯ ಪ್ರತಿಧ್ವನಿ, ನೀರಿನಡಿಯ ಮಂಕು ಸದ್ದು ಇಂಥವನ್ನೆಲ್ಲ ಕಾರ್ಡಿನ ಚಿಪ್ಪೇ ಲೆಕ್ಕ ಹಾಕಿ ಕೊಡುತ್ತಿತ್ತು. 2007ರಲ್ಲಿ ಬಂದ ವಿಂಡೋಸ್ ವಿಸ್ತಾ ಆ ದಾರಿಯನ್ನು ಮುಚ್ಚಿತು. ಧ್ವನಿಯ ಲೆಕ್ಕವೆಲ್ಲ ಪ್ರೊಸೆಸರಿನ ಪಾಲಾಯಿತು. ಇಂದಿನ ಪ್ರೊಸೆಸರಿಗೆ ಅದು ಲೆಕ್ಕಕ್ಕೇ ಬರದಷ್ಟು ಸಣ್ಣ ಕೆಲಸ. ಅತ್ತ ಮದರ್‌ಬೋರ್ಡಿನ ಮೇಲೇ ಕೂತ ಚಿಪ್ಪುಗಳೂ ಸುಧಾರಿಸಿದವು. ಈಗ ಕಾರ್ಡಿಗೆ ಉಳಿದಿರುವುದು ಡಿಜಿಟಲ್ ಅಂಕಿಗಳನ್ನು ಶುದ್ಧವಾಗಿ ವಿದ್ಯುತ್ ಸಿಗ್ನಲಾಗಿ ಹೊರಗೆ ಕೊಡುವ ಕೆಲಸ ಮಾತ್ರ.

ಆ ಶುದ್ಧತೆಯನ್ನು ಡೆಸಿಬೆಲಿನಲ್ಲಿ ಅಳೆದು ಡಬ್ಬಿಯ ಮೇಲೆ ಅಚ್ಚು ಹಾಕುತ್ತಾರೆ, ಅಂಕಿ ಹೆಚ್ಚಿದಷ್ಟೂ ಶುದ್ಧ. ಕ್ರಿಯೇಟಿವ್‌ನ ಆಡಿಜಿ ಎಫ್‌ಎಕ್ಸ್ ಕಾರ್ಡಿಗೆ 106, ಅಸುಸ್‌ನ ಝೋನಾರ್ ಎಸ್‌ಇಗೆ 116. ಎರಡೂ 5.1 ಕಾರ್ಡುಗಳೇ. ದುಬಾರಿ ಮದರ್‌ಬೋರ್ಡುಗಳ ಮೇಲಿರುವ ರಿಯಲ್‌ಟೆಕ್ ಎಎಲ್‌ಸಿ1220 ಚಿಪ್ಪಿಗೆ 120 ಎನ್ನುತ್ತಾರೆ. ಸಿಡಿಯ ಮಿತಿಯೇ 96. ಈ ಅಂಕಿಗಳ ನಡುವಿನ ವ್ಯತ್ಯಾಸ ಸುಳ್ಳಲ್ಲ, ಯಂತ್ರದಲ್ಲಿ ಅಳೆದರೆ ಸಿಗುತ್ತದೆ. ಆದರೆ ತಲೆಯ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿರುವ, ಕಿಟಕಿಯಾಚೆ ಆಟೊ ಓಡಾಡುವ ಕೋಣೆಯಲ್ಲಿ ಆರೇಳು ಸಾವಿರದ ಸ್ಪೀಕರಿಗೆ ಕಿವಿಗೊಟ್ಟವರಿಗೆ 106ಕ್ಕೂ 116ಕ್ಕೂ ಇರುವ ಅಂತರ ಕೇಳಿಸುವುದಿಲ್ಲ. ಅದೇ ನಾಲ್ಕು ಸಾವಿರವನ್ನು ಸ್ಪೀಕರಿಗೆ ಸೇರಿಸಿದರೆ ಮನೆಯಲ್ಲಿರುವ ಅಜ್ಜಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಾದರೆ ಕಾರ್ಡು ಯಾರಿಗೆ ಬೇಕು? ಬೋರ್ಡಿನ ಆಡಿಯೊ ಸುಟ್ಟುಹೋಗಿರುವವರಿಗೆ. ಹಿಂದೆ ಸಾಲುವಷ್ಟು ತೂತಿಲ್ಲದವರಿಗೆ. 250, 300 ಓಮ್‌ನ ಸ್ಟುಡಿಯೊ ಹೆಡ್‌ಫೋನ್ ಇಟ್ಟುಕೊಂಡವರಿಗೆ, ಏಕೆಂದರೆ ಅಂಥದ್ದನ್ನು ಸಾಮಾನ್ಯ ಬೋರ್ಡು ಗಟ್ಟಿಯಾಗಿ ನುಡಿಸಲಾರದು. ಮೌಸ್ ಅಲುಗಿದಾಗ, ಗೇಮ್ ಶುರುವಾದಾಗ ಸ್ಪೀಕರಿನಲ್ಲಿ ಚಿರ್ ಚಿರ್ ಎನ್ನುವವರಿಗೂ ಕಾರ್ಡು ಪರಿಹಾರ ಆಗಬಹುದು. ಆದರೆ ಅವರು ಮೊದಲು ಪಿನ್ನನ್ನು ಕ್ಯಾಬಿನೆಟ್ಟಿನ ಮುಂದಿನ ತೂತಿನಿಂದ ಕಿತ್ತು ಹಿಂದಿನದಕ್ಕೆ ಹಾಕಿ ನೋಡಲಿ. ಮುಂದಿನ ತೂತಿಗೆ ಹೋಗುವ ತೆಳು ವೈರು ಕ್ಯಾಬಿನೆಟ್ಟಿನ ಒಳಗೆಲ್ಲ ಸುತ್ತಾಡಿ ಸದ್ದು ಹೊತ್ತು ತರುತ್ತದೆ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡು ನೋಡುವವರಿಗೆ ಒಂದು ಎಚ್ಚರಿಕೆ. ಒಳ್ಳೆಯ ಹೆಸರಿನ ಹಳೆಯ ಕಾರ್ಡುಗಳು ಅಗ್ಗಕ್ಕೆ ಸಿಗುತ್ತವೆ, ಆದರೆ ಅವುಗಳಲ್ಲಿ ಹಲವು ಹಳೆಯ ಪಿಸಿಐ ಸ್ಲಾಟಿನವು. ಈಗಿನ ಬೋರ್ಡುಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಮಾತ್ರ. ಕಾರ್ಡು ಕೂರುವುದೇ ಇಲ್ಲ. ಹೇಗೋ ಕೂರಿಸಿದರೂ ವಿಂಡೋಸ್ 11ಕ್ಕೆ ಡ್ರೈವರ್ ಹುಡುಕುವುದು ಇನ್ನೊಂದು ಪಾಡು. ಬೋರ್ಡಿನ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ.

ಲ್ಯಾಪ್‌ಟಾಪ್ ಇರುವವರ ದಾರಿ ಬೇರೆ

ಲ್ಯಾಪ್‌ಟಾಪಿನಲ್ಲಿ ಇರುವುದು ಒಂದೇ ತೂತು, ಅದರಿಂದ ಬರುವುದು ಎರಡೇ ಚಾನೆಲ್. ಇವರಿಗೆ ಯುಎಸ್‌ಬಿ ಸೌಂಡ್ ಕಾರ್ಡು ಸಹಜ ಆಯ್ಕೆ, ಮೋಸ ಹೋಗುವುದೂ ಇಲ್ಲೇ. ಕೆಲವು ವರ್ಷದ ಹಿಂದೆ ನಾನೊಂದು ಬೆರಳುದ್ದದ ಯುಎಸ್‌ಬಿ ತುಂಡು ತರಿಸಿದ್ದೆ. ಕವರಿನ ಮೇಲೆ ದಪ್ಪಕ್ಷರದಲ್ಲಿ 7.1 ಎಂದಿತ್ತು. ಕೈಗೆ ಬಂದಾಗ ನೋಡಿದರೆ ಇಯರ್‌ಫೋನಿಗೆ ಒಂದು ತೂತು, ಮೈಕಿಗೆ ಒಂದು ತೂತು. ಎರಡು ಚಾನೆಲ್ ಮಾತ್ರ ಹೊರಬರುವ ಜಾಗದಿಂದ ಎಂಟು ಚಾನೆಲ್ ಹೇಗೆ ಬಂದೀತು? ಅದು ಸಾಫ್ಟ್‌ವೇರಿನಲ್ಲಿ ಎಂಟು ಚಾನೆಲನ್ನು ಎರಡಕ್ಕೆ ಹಿಂಡಿ, ಇಯರ್‌ಫೋನಿನಲ್ಲಿ ಸುತ್ತಲೂ ಸದ್ದು ಬಂದ ಹಾಗೆ ಅನ್ನಿಸುವಂತೆ ಮಾಡುತ್ತದೆ. ಅಂಥ ತುಂಡು ಸ್ಟೀರಿಯೊಗೆ ಕೆಟ್ಟದ್ದೇನಲ್ಲ, ಲ್ಯಾಪ್‌ಟಾಪಿನ ತೂತು ಸಡಿಲವಾಗಿದ್ದವರಿಗೆ ಕೆಲವೇ ನೂರು ರೂಪಾಯಿಯ ಒಳ್ಳೆಯ ಪರಿಹಾರ. 5.1 ಸ್ಪೀಕರಿಗೆ ಮಾತ್ರ ಅದು ಉಪಯೋಗಕ್ಕಿಲ್ಲ.

ನಿಜವಾದ ಯುಎಸ್‌ಬಿ 5.1 ಎಂದರೆ ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದ, ಬೆನ್ನ ಮೇಲೆ ಮೂರೋ ನಾಲ್ಕೋ ಔಟ್ ತೂತು ಇರುವ ಪೆಟ್ಟಿಗೆ. ಸಿ-ಮೀಡಿಯ ಕಂಪನಿಯ ಸಿಎಂ6206 ಚಿಪ್ಪಿನ ಅಗ್ಗದ ಪೆಟ್ಟಿಗೆಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ಇವು 16 ಬಿಟ್, 48 ಕಿಲೊಹರ್ಟ್ಸ್‌ನವು. ಡಿವಿಡಿ ಸಿನಿಮಾಗಳ ಧ್ವನಿಯೂ 48 ಕಿಲೊಹರ್ಟ್ಸೇ ಆದ್ದರಿಂದ ಸಿನಿಮಾಕ್ಕೆ, ಗೇಮಿಗೆ ಇದು ಧಾರಾಳ ಸಾಕು. ಸ್ವಲ್ಪ ಹೆಚ್ಚು ದುಡ್ಡಿದ್ದರೆ ಕ್ರಿಯೇಟಿವ್‌ನ ಯುಎಸ್‌ಬಿ 5.1 ಪೆಟ್ಟಿಗೆಗಳಿವೆ. ತೂತು ಎಣಿಸುವ ನಿಯಮ ಅಲ್ಲಿಗೂ ಅನ್ವಯಿಸುತ್ತದೆ.

ಎಚ್‌ಡಿಎಂಐ, ಆಪ್ಟಿಕಲ್: ಎರಡೂ ಒಂದೇ ಅಲ್ಲ

ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆಗೆ ಎಂಟು ಚಾನೆಲ್ ಧ್ವನಿಯನ್ನೂ ಸ್ವಲ್ಪವೂ ಅದುಮದೆ ಸಾಗಿಸುತ್ತದೆ. ಮನೆಯಲ್ಲಿ ಈಗಾಗಲೇ ಎವಿ ರಿಸೀವರ್ (ಹಲವು ಸ್ಪೀಕರುಗಳನ್ನು ನುಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ) ಇದ್ದರೆ, ಲ್ಯಾಪ್‌ಟಾಪಿನ ಎಚ್‌ಡಿಎಂಐ ಅದಕ್ಕೆ ಸಿಕ್ಕಿಸಿ ವಿಂಡೋಸಿನಲ್ಲಿ 5.1 ಆರಿಸಿದರೆ ಮುಗಿಯಿತು. ಕಾರ್ಡೂ ಬೇಡ, ಪೆಟ್ಟಿಗೆಯೂ ಬೇಡ. ರಿಸೀವರನ್ನು ವಿಂಡೋಸ್ ಇನ್ನೊಂದು ಮಾನಿಟರ್ ಎಂದು ತಿಳಿದುಕೊಳ್ಳುತ್ತದೆ, ಹಾಗಾಗಿ ಮೌಸ್ ಬಾಣ ಒಮ್ಮೊಮ್ಮೆ ಕಾಣದ ಪರದೆಗೆ ಜಾರಿಹೋಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಎರಡೂ ಪರದೆಗೆ ಒಂದೇ ಚಿತ್ರ ಎಂದು ಇಟ್ಟರೆ ಸರಿಹೋಗುತ್ತದೆ.

ಧ್ವನಿಯನ್ನು ಬೆಳಕಿನ ರೂಪದಲ್ಲಿ ಸಾಗಿಸುವ ಆಪ್ಟಿಕಲ್ ಕೇಬಲಿಗೆ ಅಷ್ಟು ಅಗಲವಿಲ್ಲ. ಅದರಲ್ಲಿ ಅದುಮದ ಧ್ವನಿ ಎರಡು ಚಾನೆಲ್ ಮಾತ್ರ ಹೋಗುತ್ತದೆ. 5.1 ಹೋಗಬೇಕಾದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಅದುಮಿರಬೇಕು. ಸಿನಿಮಾ ಫೈಲಿನಲ್ಲಿ ಅದು ಮೊದಲೇ ಆ ರೂಪದಲ್ಲಿರುತ್ತದೆ, ಪ್ಲೇಯರಿನಲ್ಲಿ ಪಾಸ್‌ಥ್ರೂ (ಅದುಮಿದ್ದನ್ನು ಬಿಚ್ಚದೆ ಹಾಗೇ ಕಳಿಸುವುದು) ಇಟ್ಟರೆ ನಡೆಯುತ್ತದೆ. ಗೇಮಿನಲ್ಲಿ ಧ್ವನಿ ಆ ಕ್ಷಣದಲ್ಲೇ ಹುಟ್ಟುವಂಥದ್ದು. ಅದನ್ನು ಅಲ್ಲೇ ಅದುಮಿ ಕಳಿಸಲು ಡಾಲ್ಬಿ ಡಿಜಿಟಲ್ ಲೈವ್ ಎಂಬ ಸೌಲಭ್ಯ ಬೇಕು, ಅದು ಸಾಮಾನ್ಯ ಬೋರ್ಡುಗಳಲ್ಲಿ ಇರುವುದಿಲ್ಲ. ಟಿವಿಗೆಂದು ಮಾಡಿದ ಹೋಮ್ ಥಿಯೇಟರ್ ಸೆಟ್ಟುಗಳನ್ನು ಕಂಪ್ಯೂಟರಿಗೆ ಕೊಳ್ಳುವವರು ಇಲ್ಲಿ ಎಡವುತ್ತಾರೆ. ಎಷ್ಟೋ ಸೆಟ್ಟುಗಳಲ್ಲಿರುವುದು ಟಿವಿಗೆ ಹೋಗುವ ಒಂದೇ ಒಂದು ಎಚ್‌ಡಿಎಂಐ, ಅದರಲ್ಲಿ ಕಂಪ್ಯೂಟರಿನಿಂದ ಧ್ವನಿ ಒಳಗೆ ಹೋಗುವುದಿಲ್ಲ. ಆಮೇಲೆ ಆಪ್ಟಿಕಲ್ಲೇ ಗತಿ. ಸಿನಿಮಾ 5.1, ಗೇಮು ಸ್ಟೀರಿಯೊ. ಸಿನಿಮಾಕ್ಕಷ್ಟೇ ಬೇಕಿದ್ದರೆ ತೊಂದರೆ ಇಲ್ಲ. ಗೇಮಿಗೂ ಬೇಕಿದ್ದರೆ ಬೆನ್ನ ಮೇಲೆ ಆರು ಚಾನೆಲಿನ ಅನಲಾಗ್ ಇನ್‌ಪುಟ್ ಇರುವ ಸೆಟ್ಟೇ ಆಗಬೇಕು.

ಬ್ಲೂಟೂತಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಧ್ವನಿಗೆ ಬಳಸುವ ಮಾಮೂಲಿ ಬ್ಲೂಟೂತ್ ಸ್ಟೀರಿಯೊ ಮಾತ್ರ. 5.1 ಸೆಟ್ಟನ್ನು ಬ್ಲೂಟೂತಿನಲ್ಲಿ ಜೋಡಿಸಿ "ಐದೂ ಸ್ಪೀಕರಿನಲ್ಲಿ ಬರ್ತಾ ಇದೆ" ಎಂದು ಖುಷಿಪಡುವವರು ಕೇಳುತ್ತಿರುವುದು ಎರಡೇ ಚಾನೆಲನ್ನು ಐದು ಕಡೆ ಹಂಚಿದ್ದು. ಪೆನ್‌ಡ್ರೈವ್ ಸಿಕ್ಕಿಸಿ ಕೇಳುವ ಎಂಪಿ3 ಹಾಡೂ ಹಾಗೆಯೇ. ಕಂಪ್ಯೂಟರಿನ ತೂತುಗಳಿಂದ ನಿಜವಾದ 5.1 ಬರಲು ಸಾಮಾನ್ಯವಾಗಿ ಮೂರು ಕೇಬಲ್ ಬೇಕು: ಒಂದು ತುದಿಯಲ್ಲಿ 3.5 ಎಂಎಂ ಪಿನ್, ಇನ್ನೊಂದರಲ್ಲಿ ಎರಡು ಆರ್‌ಸಿಎ, ಅಂದರೆ ಕೆಂಪು, ಬಿಳಿ ಬಣ್ಣದ ದಪ್ಪ ಪಿನ್. ಡಬ್ಬಿಯಲ್ಲಿ ಇಂಥವು ಎಷ್ಟಿವೆ ಎಂದು ಅಂಗಡಿಯಲ್ಲೇ ಕೇಳಿ. ಒಂದೇ ಇದ್ದರೆ ಇನ್ನೆರಡನ್ನು ಅಲ್ಲೇ ಕೊಂಡುಬಿಡಿ.

ಸ್ಪೀಕರಿನ ಬೆನ್ನು ಓದಿ

ಡಬ್ಬಿಯ ಮುಂಭಾಗದಲ್ಲಿ 8000 ವಾಟ್, 10000 ವಾಟ್ ಪಿಎಂಪಿಒ ಎಂದಿದ್ದರೆ ಅದನ್ನು ಓದಲೇಬೇಡಿ. ಪಿಎಂಪಿಒಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಬೇಕಾಗಿರುವುದು ಆರ್‌ಎಂಎಸ್, ಅಂದರೆ ನಿಲ್ಲದೆ ಕೊಡಬಲ್ಲ ಶಕ್ತಿ. ಪ್ರಾಮಾಣಿಕ ಕಂಪನಿಗಳೂ ಕೆಲವೊಮ್ಮೆ ಪೀಕ್, ಅಂದರೆ ಕ್ಷಣಮಾತ್ರ ಕೊಡಬಲ್ಲ ಶಕ್ತಿಯ ಅಂಕಿಯನ್ನು ಮುಂದಿಡುತ್ತವೆ. ಲಾಜಿಟೆಕ್‌ನ ಝೆಡ್607 ಎಂಬ 5.1 ಸೆಟ್ಟಿನದ್ದು ಪೀಕ್ 160 ವಾಟ್, ಆರ್‌ಎಂಎಸ್ 80. ಎರಡೂ ನಿಜ, ಹೋಲಿಸಲು ಬಳಸಬೇಕಾದ್ದು ಎರಡನೆಯದು.

ಆರ್‌ಎಂಎಸ್ ಎಂದು ಬರೆದದ್ದರ ಮೇಲೂ ಅನುಮಾನವಿದ್ದರೆ ಸಬ್‌ವೂಫರನ್ನು ತಿರುಗಿಸಿ ಬೆನ್ನಿನ ಚೀಟಿ ನೋಡಿ. ಎಷ್ಟು ವಾಟ್ ಕರೆಂಟ್ ಎಳೆಯುತ್ತದೆ ಎಂದು ಅಲ್ಲಿರುತ್ತದೆ. ಹೊರಗಿನ ಅಡಾಪ್ಟರ್ ಇದ್ದರೆ ಇನ್ನೂ ಸುಲಭ: 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಗುಣಿಸಿ, 24 ವಾಟ್. ಒಳಗೆ ಹೋಗುವುದೇ 24 ವಾಟ್, ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಅಂಥ ಸೆಟ್ಟಿನ ಮೇಲೆ 60 ವಾಟ್ ಆರ್‌ಎಂಎಸ್ ಎಂದಿದ್ದರೆ ಅದು ಆಗದ ಮಾತು.

ವಾಟಿನ ಹಿಂದೆ ತೀರಾ ಓಡುವುದೂ ಬೇಡ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಅಷ್ಟೆ, ಕಿವಿಗೆ ಅದು ಸಣ್ಣ ಏರಿಕೆ. ಎರಡು ಪಟ್ಟು ಜೋರಾಯಿತು ಅನ್ನಿಸಬೇಕಾದರೆ ಹತ್ತಿರ ಹತ್ತಿರ ಹತ್ತು ಪಟ್ಟು ವಾಟ್ ಬೇಕು. ಹತ್ತಕ್ಕೆ ಹನ್ನೆರಡು ಅಡಿ ಕೋಣೆಯಲ್ಲಿ ಮೇಜಿನ ಮುಂದೆ ಕೂತು ಕೇಳುವವರಿಗೆ ಪ್ರಾಮಾಣಿಕವಾದ 40 ವಾಟ್ ಬೇಕಾದಷ್ಟಾಯಿತು.

ಬೆಲೆ ಕಡಿಮೆ ಮಾಡಲು ಎಲ್ಲಿ ಕತ್ತರಿ ಹಾಕಿದ್ದಾರೆ ಎನ್ನುವುದು ನನಗೆ ವಾಟಿಗಿಂತ ದೊಡ್ಡ ವಿಷಯ. ಅಗ್ಗದ 5.1 ಸೆಟ್ಟಿನ ಐದು ಸ್ಯಾಟಲೈಟುಗಳಲ್ಲೂ (ಸಬ್‌ವೂಫರ್ ಬಿಟ್ಟು ಉಳಿದ ಸಣ್ಣ ಸ್ಪೀಕರುಗಳು) ಎರಡೂವರೆ ಮೂರು ಇಂಚಿನ ಒಂದೊಂದೇ ಕೋನ್ ಇರುತ್ತದೆ. ಅಷ್ಟು ಸಣ್ಣದಕ್ಕೆ 150, 200 ಹರ್ಟ್ಸ್‌ಗಿಂತ ಕೆಳಗಿನ ಸ್ವರ ನುಡಿಸಲು ಆಗುವುದಿಲ್ಲ. ಅದನ್ನೆಲ್ಲ ಸಬ್‌ವೂಫರ್ ಹೊರಬೇಕು. ಗಂಡಸರ ಮಾತಿನ ಮೂಲ ಸ್ವರ 100 ಹರ್ಟ್ಸ್ ಆಸುಪಾಸಿನದು. ಅಂದರೆ ಪರದೆಯ ಮೇಲೆ ಮಾತಾಡುವವನ ಗಂಟಲು ಮೇಜಿನ ಕೆಳಗಿರುತ್ತದೆ, ನಾಲಿಗೆ ಮಾತ್ರ ಪರದೆಯ ಪಕ್ಕ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. 200ರ ಹತ್ತಿರ ಚೆನ್ನಾಗಿ ಗೊತ್ತಾಗುತ್ತದೆ. ದನಿ ಪೀಪಾಯಿಯೊಳಗಿಂದ ಬಂದ ಹಾಗಿದೆ ಎಂದು ಜನ ದೂರುವುದು ಇದನ್ನೇ. ಹಾಗಾಗಿ ಸ್ಯಾಟಲೈಟಿನ ಜಾಲರಿ ಬಿಚ್ಚಿ ಒಳಗಿನ ಕೋನ್ ಎಷ್ಟು ದೊಡ್ಡದಿದೆ ನೋಡಿ. ಎತ್ತರದ ಪೆಟ್ಟಿಗೆಯ ತುಂಬ ಜಾಲರಿ ಇದ್ದು ಒಳಗೆ ಒಂದೇ ಸಣ್ಣ ಕೋನ್ ಕೂತಿರುವುದೂ ಉಂಟು.

2.0, 2.1, 5.1: ಕೇಳುವುದು ಏನನ್ನು?

ಹತ್ತು ಸಾವಿರವನ್ನು ಐದು ಸ್ಪೀಕರಿಗೂ ಒಂದು ಸಬ್‌ವೂಫರಿಗೂ ಹಂಚಿದರೆ ಒಂದೊಂದಕ್ಕೆ ಸಿಗುವುದು ಚೂರೇ ಚೂರು. ಅದೇ ದುಡ್ಡು ಎರಡೇ ಸ್ಪೀಕರಿಗೆ, ಅಂದರೆ 2.0ಗೆ ಹೋದರೆ ಎಡಿಫೈಯರ್ ಆರ್1280ಟಿ ತರಹದ ಜೋಡಿ ಸಿಗಬಹುದು: ಕೆಳಸ್ವರಕ್ಕೆ ನಾಲ್ಕು ಇಂಚಿನ ವೂಫರ್, ಮೇಲಿನ ಸ್ವರಕ್ಕೆ ಪ್ರತ್ಯೇಕ ಟ್ವೀಟರ್, ಮರದ ಪೆಟ್ಟಿಗೆ, 42 ವಾಟ್ ಆರ್‌ಎಂಎಸ್. ಹಾಡು ಕೇಳುವವರು ಒಮ್ಮೆ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ಮತ್ತೆ ಅಗ್ಗದ 5.1 ಕಡೆ ತಿರುಗುವುದಿಲ್ಲ ಎಂಬುದು ನನ್ನ ಅನುಭವ.

ಹಾಡುಗಳು ಹೆಚ್ಚಾಗಿ ಸ್ಟೀರಿಯೊದಲ್ಲೇ ಬರುತ್ತವೆ. ಅರವತ್ತರ ದಶಕದ ಕನ್ನಡ ಸಿನಿಮಾ ಗೀತೆಗಳಂತೂ ಮೊನೊ, ಅಂದರೆ ಒಂದೇ ಚಾನೆಲ್. ಅವನ್ನು ಹಿಂದಿನ ಸ್ಪೀಕರಿಗೂ ಹಂಚಿದರೆ ಹಾಡುವವರು ಎದುರಿಗೆ ನಿಂತ ಹಾಗಿರುವುದಿಲ್ಲ, ದನಿ ಕೋಣೆ ತುಂಬ ಚದುರಿಹೋಗುತ್ತದೆ. ಕಂಪ್ಯೂಟರಿನಲ್ಲಿ ನೋಡುವ ಯೂಟ್ಯೂಬ್ ಬಹುಪಾಲು ಸ್ಟೀರಿಯೊ. ಬ್ರೌಸರಿನಲ್ಲಿ ನೋಡುವ ಒಟಿಟಿ ಸಿನಿಮಾಗಳೂ ಹೆಚ್ಚಿನ ಸಲ ಹಾಗೆಯೇ ಬರುತ್ತವೆ. ನಿಜವಾದ 5.1 ಸಿಗುವುದು ಡಿವಿಡಿ ಮತ್ತು ಬ್ಲೂ-ರೇಗಳಲ್ಲಿ, 5.1 ಧ್ವನಿಯಿರುವ ಸಿನಿಮಾ ಫೈಲುಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಗೇಮುಗಳಲ್ಲಿ. ವಿಂಡೋಸಿನಲ್ಲಿ 5.1 ಎಂದಿಟ್ಟರೆ ಎಷ್ಟೋ ಗೇಮುಗಳು ತಾವಾಗಿ ಆರು ಚಾನೆಲ್ ಕೊಡುತ್ತವೆ, ಬೆನ್ನ ಹಿಂದಿನ ಹೆಜ್ಜೆ ಸದ್ದು ಬೆನ್ನ ಹಿಂದೆಯೇ ಕೇಳುತ್ತದೆ. ಆ ಅನುಭವಕ್ಕೆ ಎರಡು ಸ್ಪೀಕರ್ ಸಾಟಿಯಲ್ಲ.

ಸಿನಿಮಾದ ಮಟ್ಟಿಗೆ 5.1ರ ದೊಡ್ಡ ಲಾಭ ಹಿಂದಿನ ಸ್ಪೀಕರಲ್ಲ, ಸೆಂಟರ್. "ಡೈಲಾಗ್ ಕೇಳ್ಸಲ್ಲ, ಫೈಟ್ ಬಂತು ಅಂದ್ರೆ ಕಿವಿ ಕಿತ್ತೋಗತ್ತೆ" ಎಂದು ಮನೆಮನೆಯಲ್ಲೂ ಗೊಣಗುತ್ತಾರಲ್ಲ, ಅದಕ್ಕೆ ಒಂದು ಕಾರಣ 5.1 ಧ್ವನಿಯನ್ನು ಎರಡು ಸ್ಪೀಕರಿಗೆ ಹಿಂಡುವುದು. ಮಾತೆಲ್ಲ ಸೆಂಟರ್ ಚಾನೆಲಿನಲ್ಲಿರುತ್ತದೆ. ಪ್ರತ್ಯೇಕ ಸೆಂಟರ್ ಸ್ಪೀಕರ್ ಇದ್ದರೆ ಅದೊಂದನ್ನೇ ಎರಡು ಮೂರು ಡೆಸಿಬೆಲ್ ಏರಿಸಿಕೊಳ್ಳಬಹುದು. ಕಿವಿ ಮಂದವಾದ ಹಿರಿಯರಿರುವ ಮನೆಗೆ ಇದೊಂದೇ ಕಾರಣಕ್ಕೆ 5.1 ತನ್ನಿ ಎನ್ನುತ್ತೇನೆ.

2.1 ಸೆಟ್ಟುಗಳು, ಅಂದರೆ ಎರಡು ಸ್ಪೀಕರ್ ಮತ್ತು ಒಂದು ಸಬ್‌ವೂಫರ್, ಈ ಎರಡರ ನಡುವೆ. ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗೆ, ಐದು ಸಾವಿರದೊಳಗೆ ಮುಗಿಸಬೇಕಾದವರಿಗೆ ಇದೇ ಸರಿ. ಎಫ್ ಆಂಡ್ ಡಿ, ಝೆಬ್ರಾನಿಕ್ಸ್, ಕ್ರಿಯೇಟಿವ್, ಲಾಜಿಟೆಕ್ ಎಲ್ಲರದ್ದೂ ಇವೆ. ಬೇಸಿಗೆ ಪ್ರತ್ಯೇಕ ತಿರುಗಣೆ ಇರುವುದನ್ನೇ ಆರಿಸಿ, ರಾತ್ರಿ ಹತ್ತರ ಮೇಲೆ ಅದನ್ನು ಸೊನ್ನೆಗೆ ಇಳಿಸಬೇಕಾಗುತ್ತದೆ. ಬೇಸ್ ಗೋಡೆಗಿಂತ ಹೆಚ್ಚಾಗಿ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ಎರಡು ಸಾವಿರವೂ ಕಷ್ಟ ಎನ್ನುವವರು ಒಂದು ಒಳ್ಳೆಯ ಹೆಡ್‌ಫೋನ್ ಕೊಂಡು ಹೆಡ್‌ಫೋನಿನಲ್ಲಿ ಸುತ್ತಲೂ ಸದ್ದು ಬಂದ ಹಾಗೆ ಮಾಡುವ, ವಿಂಡೋಸಿನಲ್ಲೇ ಉಚಿತವಾಗಿರುವ ವಿಂಡೋಸ್ ಸೋನಿಕ್ ಚಾಲೂ ಮಾಡಿ ಗೇಮ್ ಆಡಲಿ.

ಹತ್ತು ಸಾವಿರದ ಆಸುಪಾಸಿನಲ್ಲಿ ಗೇಮು, ಸಿನಿಮಾ ಮುಖ್ಯವಾದರೆ 5.1, ಹಾಡು ಮುಖ್ಯವಾದರೆ 2.0. ಅದಕ್ಕಿಂತ ಮೇಲೆ ಹೋಗಲು ಸಿದ್ಧವಿರುವವರಿಗೆ ನಾನು ಹೇಳುವುದು ಹೊಸ ಸೆಟ್ಟಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಹಳೆಯ ಎವಿ ರಿಸೀವರ್ ಹುಡುಕಿ. ಎಚ್‌ಡಿಎಂಐ ಬರುವ ಮೊದಲಿನ ರಿಸೀವರುಗಳನ್ನು ಟಿವಿಗೆಂದು ಕೊಳ್ಳುವವರು ಹುಡುಕುವುದಿಲ್ಲ, ಅದಕ್ಕೇ ಅಗ್ಗ. ಅವುಗಳಲ್ಲಿ ಹಲವಕ್ಕೆ ಬೆನ್ನ ಮೇಲೆ ಆರು ಚಾನೆಲಿನ ಆರ್‌ಸಿಎ ಇನ್‌ಪುಟ್ ಇರುತ್ತದೆ, ನಿಮ್ಮ ಬೋರ್ಡಿನ ಮೂರು ತೂತಿಗೆ ಅದು ಹೇಳಿ ಮಾಡಿಸಿದ ಜೋಡಿ. ಈಗ ಮುಂದಿನ ಎರಡು ಒಳ್ಳೆಯ ಸ್ಪೀಕರ್ ಹಾಕಿ, ಸೆಂಟರನ್ನೂ ಹಿಂದಿನ ಜೋಡಿಯನ್ನೂ ದುಡ್ಡು ಬಂದಂತೆ ಸೇರಿಸುತ್ತಾ ಹೋಗಬಹುದು. ಕೊಳ್ಳುವಾಗ ಒಂದೊಂದೇ ಚಾನೆಲ್ ನುಡಿಸಿ ಕೇಳಿ, ವಾಲ್ಯೂಮ್ ತಿರುಗಿಸುವಾಗ ಕರಕರ ಎನ್ನುತ್ತದೆಯೇ ಗಮನಿಸಿ. ಹಳೆಯ ಸ್ಪೀಕರಾದರೆ ಕೋನಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಫೋಮಿನ ಅಂಚಾಗಿದ್ದರೆ ವರ್ಷ ಕಳೆದಂತೆ ಅದು ಪುಡಿಯಾಗುತ್ತದೆ. ಸ್ಪೀಕರಿನ ಬೆನ್ನಿನ ಓಮ್ ಅಂಕಿಯನ್ನೂ ನೋಡಿ: ಹೋಮ್ ಥಿಯೇಟರ್ ಸೆಟ್ಟಿನಿಂದ ಬಿಡಿಯಾದ 3, 4 ಓಮ್ ಸ್ಪೀಕರನ್ನು 8 ಓಮ್ ಕೇಳುವ ರಿಸೀವರಿಗೆ ಹಾಕಿದರೆ ರಿಸೀವರ್ ಬಿಸಿಯಾಗಿ ಕೈಕೊಡಬಹುದು.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಅಂಗಡಿಯವರು ಹಾಕುವ ಹಾಡಿನಲ್ಲಿ ಬೇಸ್ ಗುದ್ದುತ್ತಿರುತ್ತದೆ. ನಿಮಗೆ ಬಾಯಿಪಾಠವಾಗಿರುವ ಎರಡು ಹಾಡನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಬೇಸನ್ನು ನಡುಮಟ್ಟಕ್ಕೆ ತನ್ನಿ, ವಾಲ್ಯೂಮನ್ನು ಕಾಲುಭಾಗಕ್ಕೆ ಇಳಿಸಿ, ಗಾಯಕರ ದನಿಗೆ ಮಾತ್ರ ಕಿವಿಗೊಡಿ. ಸ, ಶ ಬಂದಾಗ ಚುಚ್ಚುತ್ತದೆಯೇ? ತಬಲಾದ ಎಡದ ಗುಮಕು ಬಂದು ತಕ್ಷಣ ನಿಲ್ಲುತ್ತದೆಯೋ, ಇಲ್ಲ ಗುಂಯ್ ಎಂದು ಎಳೆಯುತ್ತದೆಯೋ? ಹಾಡು ನಿಲ್ಲಿಸಿ ವಾಲ್ಯೂಮ್ ಏರಿಸಿ. ಏನೂ ನುಡಿಯದಿರುವಾಗ ಬರುವ ಗುಂಯ್ ಮುಂದೆ ನಿಮ್ಮ ಮನೆಯಲ್ಲಿ ದಿನವೂ ಬರುವ ಗುಂಯ್.

ಮನೆಗೆ ತಂದ ಮೇಲೆ ಒಂದು ದಾರ ಬೇಕು. ಕೂರುವ ಜಾಗದಿಂದ ಎಡ ಸ್ಪೀಕರಿಗೆ ದಾರ ಹಿಡಿಯಿರಿ. ಅದೇ ಉದ್ದ ಬಲ ಸ್ಪೀಕರಿಗೂ, ಅದೇ ಉದ್ದ ಎರಡು ಸ್ಪೀಕರುಗಳ ನಡುವೆಯೂ ಇರಬೇಕು. ಸೆಂಟರ್ ಪರದೆಯ ಕೆಳಗೆ, ಕಿವಿಯತ್ತ ಸ್ವಲ್ಪ ಮುಖ ಎತ್ತಿರಲಿ. ಹಿಂದಿನ ಜೋಡಿಯನ್ನು ಎಲ್ಲರೂ ಹಿಂದಿನ ಗೋಡೆಯ ಮೂಲೆಗೆ ನೇತುಹಾಕುತ್ತಾರೆ. ಅಂತಾರಾಷ್ಟ್ರೀಯ ಮಾನದಂಡ ಹೇಳುವುದು ಎದುರಿನಿಂದ 100ರಿಂದ 120 ಡಿಗ್ರಿ, ಅಂದರೆ ಕಿವಿಯ ಪಕ್ಕದಿಂದ ಸ್ವಲ್ಪವೇ ಹಿಂದೆ. ಕುರ್ಚಿ ಹಿಂದಿನ ಗೋಡೆಗೇ ತಾಗಿರುವ ಸಣ್ಣ ಕೋಣೆಯಲ್ಲೂ ಅಕ್ಕಪಕ್ಕದ ಗೋಡೆಗೆ ಎರಡು ಮೊಳೆ ಹೊಡೆದರೆ ಸಾಕು ಎಂದಾಯಿತು. ಸಬ್‌ವೂಫರಿನ ಜಾಗ ಹುಡುಕಲು ಅದನ್ನು ನೀವು ಕೂರುವ ಕುರ್ಚಿಯ ಮೇಲೆ ಇಟ್ಟು ಬೇಸ್ ಇರುವ ಹಾಡು ಹಾಕಿ, ಮಂಡಿಯೂರಿ ಕೋಣೆಯ ಅಂಚಿನಲ್ಲಿ ಸುತ್ತಿ. ಬೇಸ್ ಎಲ್ಲಿ ಸಮವಾಗಿ ಕೇಳಿತೋ ಅಲ್ಲಿ ಸಬ್‌ವೂಫರ್ ಇಡಿ. ಟೈಲ್ಸ್ ನೆಲದ, ಬರೀ ಗೋಡೆಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಟಣ್ ಎನ್ನುತ್ತದೆಯಲ್ಲ, ಆ ಟಣ್ ಎಲ್ಲ ಮಾತಿಗೂ ಅಂಟಿಕೊಳ್ಳುತ್ತದೆ. ಕಿಟಕಿಗೆ ದಪ್ಪ ಪರದೆ, ನೆಲಕ್ಕೊಂದು ಜಮಖಾನ ಹಾಕಿದರೆ ಸ್ಪೀಕರನ್ನೇ ಬದಲಿಸಿದಷ್ಟು ವ್ಯತ್ಯಾಸವಾಗುತ್ತದೆ.

ಗುಂಯ್ ಬಂದರೆ ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ ನೋಡಿ. ಬೇರೆ ಬೇರೆ ಸ್ವಿಚ್ ಬೋರ್ಡಿನಿಂದ ಕರೆಂಟ್ ತೆಗೆದುಕೊಂಡಾಗ ಅರ್ಥಿಂಗಿನ ವ್ಯತ್ಯಾಸವೇ ಗುಂಯ್ ಆಗಿ ಕೇಳುತ್ತದೆ. ಸದ್ದು ನಿಲ್ಲಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಮಾಡಬೇಡಿ, ಅದು ನಿಮ್ಮ ಜೀವ ಕಾಯುವ ಪಿನ್. ಮಲೆನಾಡಿನವರು ಗುಡುಗು ಶುರುವಾದಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಇಂಟರ್ನೆಟ್ಟಿನ ವೈರನ್ನೂ ಕೀಳಬೇಕು. ನಮ್ಮ ಊರಿನ ಮನೆಯಲ್ಲಿ ಒಂದು ಏಪ್ರಿಲ್ ಮಳೆಗೆ ಸ್ವಿಚ್ ಆಫ್ ಆಗಿದ್ದ ಸಬ್‌ವೂಫರ್ ಹೊಗೆ ಬಿಟ್ಟಿತ್ತು.

ಅಕ್ಕನ ಮಗ ಕೊನೆಗೆ ಹತ್ತು ಸಾವಿರವನ್ನೂ ಒಂದು 5.1 ಸೆಟ್ಟಿಗೇ ಹಾಕಿದ, ಮೇಲೆ ಎರಡು ಕೇಬಲ್ ಕೊಂಡ. ಮೂರೂ ಪಿನ್ ಸಿಕ್ಕಿಸಿ ರಾತ್ರಿ ವಿಡಿಯೊ ಕಾಲ್ ಮಾಡಿದ. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ 5.1 ಆರಿಸಿ ಟೆಸ್ಟ್ ಒತ್ತಲು ಹೇಳಿದೆ. ಮುಂದೆ ಎಡ, ಸರಿ. ಮುಂದೆ ಬಲ, ಸರಿ. ಸೆಂಟರ್ ಎಂದಾಗ ಮೇಜಿನ ಕೆಳಗಿನ ಸಬ್‌ವೂಫರ್ ಗೊರಗೊರ ಎಂದಿತು. "ಮಾಮ, ಹಾಳಾಗಿದ್ಯಾ?" ಎಂದು ಗಾಬರಿಯಾದ. ಹಾಳಾಗಿರಲಿಲ್ಲ. ಗುಲಾಬಿ ತೂತಿನಿಂದ ಹೊರಟ ಕೇಬಲಿನ ಕೆಂಪು, ಬಿಳಿ ಆರ್‌ಸಿಎ ಅದಲುಬದಲಾಗಿದ್ದವು. ಎರಡನ್ನೂ ಕಿತ್ತು ಬದಲಿಸಿ ಮತ್ತೆ ಟೆಸ್ಟ್ ಒತ್ತಿದ. ಈ ಸಲ ಸದ್ದು ಪರದೆಯ ಕೆಳಗಿನಿಂದ ಬಂತು.